ಕಲ್ಚರ್ ರಿಪೋರ್ಟಿನಲ್ಲಿ ಫ್ಲುಕೊನಜೋಲ್ 32, ಪಕ್ಕದಲ್ಲಿ ಎಸ್‌ಡಿಡಿ: ಇದರ ಅರ್ಥ ಏನು?

ಮಲ್ಲಿಗೆ ಮೊಗ್ಗು (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಹೆಸರು ಹಾಕದೆ ಬರೆಯುತ್ತಿದ್ದೇನೆ, ವಿಷಯ ಅಂಥದ್ದು. ಕಳೆದ ಒಂದು ವರ್ಷದಲ್ಲಿ ಐದು ಸಲ ಬಿಳಿ ಹೋಗಿ, ತುರಿಕೆ, ಉರಿ ಬಂದಿದೆ. ಮೊದಲ ಸಲ ಡಾಕ್ಟರ್ ಫ್ಲುಕೊನಜೋಲ್ 150 ಒಂದೇ ಮಾತ್ರೆ ಕೊಟ್ಟರು. ಆಮೇಲೆ ಮೂರು ಸಲ ನಾನೇ ಮೆಡಿಕಲ್‌ನಲ್ಲಿ ಅದೇ ಚೀಟಿ ತೋರಿಸಿ ತಂದು ನುಂಗಿದೆ. ಎರಡು ವಾರ ಆರಾಮ, ಮತ್ತೆ ಶುರು.

ಈ ಸಲ ಬೇರೆ ಡಾಕ್ಟರ್ ಹತ್ತಿರ ಹೋದೆ. ಅವರು ಸ್ವಾಬ್ ತೆಗೆದು ಕಲ್ಚರಿಗೆ ಕಳಿಸಿದರು. ಐದನೇ ದಿನ ರಿಪೋರ್ಟ್ ಬಂತು. ಅದರಲ್ಲಿ ಹೀಗಿದೆ:

ಕ್ಯಾಂಡಿಡಾ ಗ್ಲಾಬ್ರಾಟಾ.
ಫ್ಲುಕೊನಜೋಲ್ 32, ಎಸ್‌ಡಿಡಿ.
ವೊರಿಕೊನಜೋಲ್ 0.5, ಮುಂದೆ ಬರೀ ಗೆರೆ.
ಕ್ಯಾಸ್ಪೊಫಂಗಿನ್ 0.12, ಎಸ್.
ಆಂಫೋಟೆರಿಸಿನ್ ಬಿ 0.5, ಮುಂದೆ ಗೆರೆ.

ನನ್ನ ಪ್ರಶ್ನೆ ಇಷ್ಟೇ. 0.12 ಎಲ್ಲಕ್ಕಿಂತ ಚಿಕ್ಕ ಸಂಖ್ಯೆ. ಅಂದರೆ ಅದೇ ಒಳ್ಳೇ ಔಷಧ ಅಲ್ವಾ? ಅದನ್ನೇ ಯಾಕೆ ಕೊಡಬಾರದು? ಎಸ್‌ಡಿಡಿ ಅಂದರೆ ಏನು? ಮಂಗಳವಾರ ಡಾಕ್ಟರನ್ನು ನೋಡಬೇಕು. ಅಲ್ಲಿ ಎರಡೇ ನಿಮಿಷ ಸಿಗುತ್ತದೆ, ಅದಕ್ಕೆ ಮೊದಲೇ ಸ್ವಲ್ಪ ತಿಳಿದುಕೊಂಡು ಹೋಗೋಣ ಅಂತ.

ಪೆಟ್ರಿ ತಟ್ಟೆ (ಹುಬ್ಬಳ್ಳಿ)

ಅಕ್ಕ, ಕೇಳಿದ್ದು ಒಳ್ಳೇದಾಯಿತು. ನಾನು ಮೈಕ್ರೋಬಯಾಲಜಿ ಓದಿ, ಈಗ ಅದನ್ನೇ ಪಾಠ ಮಾಡುತ್ತೇನೆ. ಈ ತಪ್ಪು ತಿಳಿವಳಿಕೆ ನಮ್ಮ ವಿದ್ಯಾರ್ಥಿಗಳಿಗೂ ಇರುತ್ತದೆ.

ಕ್ಯಾಂಡಿಡಾ ಅನ್ನುವುದು ಒಂದು ಯೀಸ್ಟ್, ಅಂದರೆ ಒಂದು ಥರದ ಫಂಗಸ್. ರಿಪೋರ್ಟಿನ ಆ ಸಂಖ್ಯೆಗೆ ಎಂಐಸಿ ಅಂತಾರೆ. ಯೀಸ್ಟ್ ಬೆಳೆಯುವುದನ್ನು ತಡೆಯಲು ಒಂದು ಮಿಲಿಲೀಟರ್ ದ್ರವದಲ್ಲಿ ಕಡಿಮೆ ಅಂದರೆ ಎಷ್ಟು ಮೈಕ್ರೋಗ್ರಾಂ ಔಷಧ ಬೇಕು ಅನ್ನುವ ಲೆಕ್ಕ ಅದು. ಒಂದು ಔಷಧದ ಸಂಖ್ಯೆಯನ್ನು ಇನ್ನೊಂದರ ಜೊತೆ ಹೋಲಿಸಲೇಬಾರದು. ಫ್ಲುಕೊನಜೋಲ್ ಮೈಯಲ್ಲಿ ತುಂಬಾ ಹರಡುತ್ತದೆ, ಡೋಸೂ ದೊಡ್ಡದು, ಹಾಗಾಗಿ ಅದರ ಅಳತೆಗೋಲೇ ಬೇರೆ. ಕ್ಯಾಸ್ಪೊಫಂಗಿನ್ ಅಳತೆಗೋಲು ಬೇರೆ. ಸಂಖ್ಯೆಯ ಪಕ್ಕದ ಅಕ್ಷರ ಇರುವುದೇ ಇದಕ್ಕೆ. ಜೊತೆಗೆ ಕ್ಯಾಸ್ಪೊಫಂಗಿನ್ ಡ್ರಿಪ್‌ನಲ್ಲಿ ಹಾಕುವ ಔಷಧ. ರಕ್ತಕ್ಕೆ ಯೀಸ್ಟ್ ಹೋದ ಐಸಿಯು ರೋಗಿಗಳಿಗೆ ಅದು. ನಿಮಗೆ ಬೇಕಿಲ್ಲ.

ಎಸ್ ಅಂದರೆ ಮಾಮೂಲಿ ಡೋಸಿಗೆ ಬಗ್ಗುತ್ತದೆ. ಆರ್ ಅಂದರೆ ಬಗ್ಗಲ್ಲ. ಎಸ್‌ಡಿಡಿ ಅಂದರೆ ಡೋಸ್ ಜಾಸ್ತಿ ಮಾಡಿದರೆ ಬಗ್ಗಬಹುದು. ಬರೀ ಗೆರೆ ಇದ್ದರೆ, ಆ ಯೀಸ್ಟಿಗೆ ಆ ಔಷಧದ ಗಡಿ ಎಲ್ಲಿ ಅಂತ ಆ ಲ್ಯಾಬ್ ಬಳಸುವ ಪಟ್ಟಿಯಲ್ಲಿ ಇಲ್ಲ ಅಂತ ಅರ್ಥ. ಲ್ಯಾಬಿನವರು ಮರೆತದ್ದಲ್ಲ.

ನಿಮ್ಮ ರಿಪೋರ್ಟಿನಲ್ಲಿ ನಾನಾಗಿದ್ದರೆ ಮೊದಲು ನೋಡುತ್ತಿದ್ದದ್ದು ಸಂಖ್ಯೆಯನ್ನಲ್ಲ, ಹೆಸರನ್ನು. ಗ್ಲಾಬ್ರಾಟಾ ಅಂತ ಗೊತ್ತಾದ ಕೂಡಲೇ ಅರ್ಧ ಉತ್ತರ ಸಿಕ್ಕಿತು. ಇದಕ್ಕೆ ಫ್ಲುಕೊನಜೋಲ್ ಮೊದಲಿಂದಲೂ ಅಷ್ಟಕ್ಕಷ್ಟೇ. ಪಟ್ಟಿಯಲ್ಲಿ ಇದಕ್ಕೆ ಎಸ್ ಅನ್ನುವ ಕಾಲಂ ಇಲ್ಲ. 32ರವರೆಗೂ ಎಸ್‌ಡಿಡಿ, 64ರಿಂದ ಆರ್. ಅದೇ ಹೆಚ್ಚಾಗಿ ಕಾಣುವ ಕ್ಯಾಂಡಿಡಾ ಆಲ್ಬಿಕನ್ಸ್ ಆಗಿದ್ದರೆ 2ರವರೆಗೆ ಎಸ್, 8 ಆದರೇ ಆರ್. ಕ್ರುಸೈ ಅಂತ ಒಂದಿದೆ, ಅದಕ್ಕಂತೂ ಫ್ಲುಕೊನಜೋಲ್ ಪರೀಕ್ಷೆ ಮಾಡುವುದೇ ವ್ಯರ್ಥ, ಹುಟ್ಟಾ ನಿರೋಧಕ.

ಸುಮಾ ಎಸ್. ಭದ್ರಾವತಿ

ನನಗೂ ಇದೇ ಆಗಿತ್ತು ಅಕ್ಕ. ಯಾರಿಗೂ ಹೇಳಲಾಗದೆ ಒದ್ದಾಡಿದ್ದೆ. ನೀವು ಬರೆದದ್ದು ನೋಡಿ ಧೈರ್ಯ ಬಂತು.

ಲೀಡ್ಸ್ ಕನ್ನಡಿಗ

ಹುಬ್ಬಳ್ಳಿ ಸರ್, ಒಂದು ತಿದ್ದುಪಡಿ. ನೀವು ಹೇಳಿದ್ದು ಅಮೆರಿಕದ ಸಿಎಲ್‌ಎಸ್‌ಐ ಪಟ್ಟಿ. ಇಲ್ಲಿ ನಾವು ಯುರೋಪಿನ ಯೂಕಾಸ್ಟ್ ಪಟ್ಟಿ ನೋಡುತ್ತೇವೆ. ಅದರಲ್ಲಿ ಗ್ಲಾಬ್ರಾಟಾಗೆ ಫ್ಲುಕೊನಜೋಲ್ 16 ದಾಟಿದರೆ ನೇರವಾಗಿ ಆರ್. ಅಂದರೆ 32 ಇಲ್ಲಿ ರೆಸಿಸ್ಟೆಂಟ್. ಅಕ್ಕನಿಗೆ "ಡೋಸ್ ಜಾಸ್ತಿ ಮಾಡಿದರೆ ಬಗ್ಗುತ್ತದೆ" ಅಂತ ಆಸೆ ಹುಟ್ಟಿಸಬೇಡಿ.

ಪೆಟ್ರಿ ತಟ್ಟೆ (ಹುಬ್ಬಳ್ಳಿ)

ಬಗ್ಗಬಹುದು ಅಂದೆ, ಬಗ್ಗುತ್ತದೆ ಅನ್ನಲಿಲ್ಲ. ಮತ್ತೆ ಒಂದು ವಿಧಾನದಲ್ಲಿ ಬಂದ ಸಂಖ್ಯೆಯನ್ನು ಇನ್ನೊಂದರ ಪಟ್ಟಿಯಲ್ಲಿಟ್ಟು ಓದುವುದು ಸರಿಯಲ್ಲ ಸರ್. ಸಿಎಲ್‌ಎಸ್‌ಐನಲ್ಲಿ ಒಂದು ಮಿಲಿಲೀಟರಿಗೆ ಸಾವಿರದ ಲೆಕ್ಕದಲ್ಲಿ ಯೀಸ್ಟ್ ಹಾಕುತ್ತಾರೆ, ಯೂಕಾಸ್ಟ್‌ನಲ್ಲಿ ಲಕ್ಷದ ಲೆಕ್ಕದಲ್ಲಿ. ನಿಮ್ಮಲ್ಲಿ ಗ್ಲೂಕೋಸ್ ಶೇ 2ರಷ್ಟು. ನೀವು ಮೀಟರಿನಲ್ಲಿ ಓದುತ್ತೀರಿ, ಇಲ್ಲಿ ಎಷ್ಟೋ ಕಡೆ ಕಣ್ಣಲ್ಲೇ ಓದುತ್ತಾರೆ. ಫಲಿತಾಂಶ ಹತ್ತಿರ ಹತ್ತಿರ ಬರುತ್ತದೆ ನಿಜ, ಒಂದೇ ಅಲ್ಲ.

ಲೀಡ್ಸ್ ಕನ್ನಡಿಗ

ಒಪ್ಪಿದೆ. ಆದರೆ ನನ್ನ ಮಾತಿನ ತಿರುಳು ಬೇರೆ. ಆ "ಜಾಸ್ತಿ ಡೋಸ್" ಅಂದರೆ ದಿನಕ್ಕೆ 800 ಮಿಲಿಗ್ರಾಂ. ರಕ್ತದ ಸೋಂಕಿಗೆ ಯೋಚಿಸಿದ ಡೋಸ್ ಅದು. ವಾರಕ್ಕೊಂದು 150 ನುಂಗುವವರಿಗೆ ಎಸ್‌ಡಿಡಿ ಅನ್ನುವ ಅಕ್ಷರ ಏನೂ ಹೇಳುವುದಿಲ್ಲ. ಇದನ್ನು ಯಾರಾದರೂ ಅಕ್ಕನಿಗೆ ಬಿಡಿಸಿ ಹೇಳಬೇಕಿತ್ತು.

ಪೆಟ್ರಿ ತಟ್ಟೆ (ಹುಬ್ಬಳ್ಳಿ)

ಇದು ಸರಿ. ನಾನೇ ಮೊದಲು ಹೇಳಬೇಕಿತ್ತು. ಇನ್ನೂ ಒಂದು ಸೇರಿಸುತ್ತೇನೆ. ಲ್ಯಾಬಿನ ದ್ರವದ ಪಿಎಚ್ 7. ಯೋನಿಯೊಳಗೆ ಪಿಎಚ್ ಸುಮಾರು 4, ಅಂದರೆ ಹುಳಿ. ಆ ಹುಳಿಯಲ್ಲಿ ಗ್ಲಾಬ್ರಾಟಾ ಮೇಲೆ ಫ್ಲುಕೊನಜೋಲಿನ ಹಿಡಿತ ಇನ್ನೂ ಸಡಿಲ. ಲ್ಯಾಬಿನಲ್ಲಿ 32 ಬಂದದ್ದು ಅಲ್ಲಿ ಇನ್ನೂ ಎಷ್ಟೋ ಪಟ್ಟು ಏರಬಹುದು.

ರಾಗಿಮುದ್ದೆ ಪ್ರಿಯ, ಮಂಡ್ಯ

ಇಷ್ಟೆಲ್ಲಾ ಟೆಸ್ಟ್ ಯಾಕೆ? ನಮ್ಮ ಅಜ್ಜಿ ಕಾಲದಲ್ಲಿ ಮೊಸರು, ಮಜ್ಜಿಗೆ, ಬೆಳ್ಳುಳ್ಳಿ ಅಂತ ವಾಸಿ ಮಾಡಿಕೊಳ್ಳುತ್ತಿದ್ದರು. ಸಿಹಿ ಬಿಡಿ, ಸರಿಹೋಗುತ್ತದೆ.

ಸುಮಾ ಎಸ್. ಭದ್ರಾವತಿ

ಅಣ್ಣಾ, ಅಜ್ಜಿಯರು ವಾಸಿ ಮಾಡಿಕೊಳ್ಳುತ್ತಿದ್ದರೋ, ಬಾಯಿ ಮುಚ್ಚಿಕೊಂಡು ಸಹಿಸುತ್ತಿದ್ದರೋ ನಮಗೆ ಗೊತ್ತಿಲ್ಲ. ನನ್ನ ಅಜ್ಜಿ ಸಹಿಸಿದ್ದು ನನಗೆ ಗೊತ್ತು. ನಾನು ಬೆಳ್ಳುಳ್ಳಿ ಪ್ರಯೋಗ ಮಾಡಿ ಚರ್ಮ ಸುಟ್ಟುಕೊಂಡಿದ್ದೇನೆ. ದಯವಿಟ್ಟು ಯಾರಿಗೂ ಹೇಳಬೇಡಿ.

ರಾಗಿಮುದ್ದೆ ಪ್ರಿಯ, ಮಂಡ್ಯ

ಕ್ಷಮಿಸಿ ತಂಗಿ. ಹಾಗೆ ಹಚ್ಚುತ್ತಾರೆ ಅಂತ ಗೊತ್ತಿರಲಿಲ್ಲ. ತಿನ್ನುವುದಕ್ಕೆ ಹೇಳಿದ್ದು.

ಇಡ್ಲಿ ಸಾಂಬಾರ್ 77

ನಡುವೆ ಒಂದು ಡೌಟು. ದೋಸೆ ಹಿಟ್ಟು ಹುದುಗುವುದೂ ಯೀಸ್ಟಿನಿಂದ ಅಲ್ವಾ? ಇಂಥವರು ದೋಸೆ, ಇಡ್ಲಿ ಬಿಡಬೇಕಾ?

ಪೆಟ್ರಿ ತಟ್ಟೆ (ಹುಬ್ಬಳ್ಳಿ)

ಬೇಡ. ಹಿಟ್ಟು ಉಬ್ಬಿಸುವುದು ಹೆಚ್ಚಾಗಿ ಲ್ಯೂಕೊನೊಸ್ಟಾಕ್ ಥರದ ಬ್ಯಾಕ್ಟೀರಿಯಾ. ಸ್ವಲ್ಪ ಯೀಸ್ಟ್ ಇದ್ದರೂ ಹಬೆಯಲ್ಲಿ, ಕಾವಲಿಯ ಮೇಲೆ ಸಾಯುತ್ತದೆ. ಕ್ಯಾಂಡಿಡಾ ಊಟದಿಂದ ಬಂದದ್ದಲ್ಲ, ನಮ್ಮ ಬಾಯಿ, ಕರುಳಿನಲ್ಲಿ ಮೊದಲೇ ಇರುತ್ತದೆ. ಮೊಸರು ತಿನ್ನಿ, ಆದರೆ ಅದನ್ನು ಔಷಧ ಅಂದುಕೊಂಡು ಕೂರಬೇಡಿ.

ಅರವತ್ತರ ಹುಡುಗ, ತುಮಕೂರು

ಸಿಹಿ ಬಿಡಿ ಅಂದದ್ದಕ್ಕೆ ನೆನಪಾಯಿತು. ನನ್ನ ಹೆಂಡತಿಗೆ ಶುಗರ್. ಹೊಸದಾಗಿ ಡಾಪಾಗ್ಲಿಫ್ಲೋಜಿನ್ ಅಂತ ಮಾತ್ರೆ ಶುರು ಮಾಡಿದ ಮೇಲೆ ಇದೇ ತುರಿಕೆ ಬಂತು. ಮೂರು ತಿಂಗಳು ಕ್ರೀಂ ಹಚ್ಚಿದರು. ಆಮೇಲೆ ಗೊತ್ತಾಯಿತು, ಆ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ, ಯೀಸ್ಟಿಗೆ ಅಲ್ಲೇ ಊಟ. ಡಾಕ್ಟರ್ ಮಾತ್ರೆ ಬದಲಿಸಿದರು, ನಿಂತಿತು. ಗಂಡಸರಿಗೂ ಇದು ಬರುತ್ತದೆ. ತಂಗಿ, ನಿಮಗೆ ಶುಗರ್ ಇದೆಯಾ, ಒಮ್ಮೆ ರಕ್ತ ನೋಡಿಸಿದ್ದೀರಾ?

ಮಲ್ಲಿಗೆ ಮೊಗ್ಗು (ದಾವಣಗೆರೆ)

ನೋಡಿಸಿದ್ದೇನೆ ಅಣ್ಣ, ಶುಗರ್ ಇಲ್ಲ. ವಿಚಾರಿಸಿದ್ದಕ್ಕೆ ಥ್ಯಾಂಕ್ಸ್.

ಔಷಧಿ ಅಂಗಡಿ, ಶಿವಮೊಗ್ಗ

ಇಪ್ಪತ್ತು ವರ್ಷದಿಂದ ಕೌಂಟರ್ ಹಿಂದೆ ನಿಂತವನು ಹೇಳುತ್ತಿದ್ದೇನೆ. ಹಳೇ ಚೀಟಿ ತಂದು ಈ ಮಾತ್ರೆ ಕೇಳುವವರು ದಿನಕ್ಕೆ ಇಬ್ಬರಾದರೂ ಇರುತ್ತಾರೆ. ಗಂಡನ ಕೈಯಲ್ಲಿ ಕಳಿಸುತ್ತಾರೆ, ಅವನಿಗೆ ಯಾಕೆ ಅಂತಲೂ ಗೊತ್ತಿರಲ್ಲ. ನಾನು ಈಗ ಎರಡನೇ ಸಲಕ್ಕೆ ಕೊಡುವುದಿಲ್ಲ. ಬೈದುಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ, ಹೋಗಲಿ. ಶುಗರಿನ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ಇದು ಸೇರಿದರೆ ಸಕ್ಕರೆ ತೀರಾ ಇಳಿಯಬಹುದು. ರಕ್ತ ತೆಳು ಮಾಡುವ ವಾರ್ಫರಿನ್ ಇದ್ದರೆ ಇನ್ನೂ ಅಪಾಯ. ಕೇಳದೆ ಕೊಡುವ ಮಾತ್ರೆ ಅಲ್ಲ ಇದು.

ಗುಲ್ಬರ್ಗದ ಲ್ಯಾಬ್ ಹುಡುಗಿ

ನಾನು ಟೆಕ್ನಿಷಿಯನ್. ಈ ಪರೀಕ್ಷೆ ಕೈಯಾರೆ ಮಾಡುತ್ತೇನೆ. ಹೇಗೆ ಅಂತ ಹೇಳಿದರೆ ಆ 32 ಎಲ್ಲಿಂದ ಬಂತು ಅಂತ ಅಕ್ಕನಿಗೆ ಗೊತ್ತಾಗುತ್ತದೆ.

ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ 96 ಪುಟ್ಟ ಗುಳಿ. ಚೆನ್ನೆಮಣೆ ನೆನಪಿಸಿಕೊಳ್ಳಿ, ಅದನ್ನೇ ತುಂಬಾ ಚಿಕ್ಕದು ಮಾಡಿದ ಹಾಗೆ. ಮೊದಲ ಗುಳಿಯಲ್ಲಿ ಔಷಧ 64, ಮುಂದಿನದರಲ್ಲಿ 32, ಆಮೇಲೆ 16, 8, 4, ಹೀಗೆ ಅರ್ಧ ಅರ್ಧ ಇಳಿಸುತ್ತಾ 0.12ರವರೆಗೆ. ಕೊನೆಗೆ ಔಷಧವೇ ಇಲ್ಲದ ಗುಳಿ ಒಂದು. ಎಲ್ಲದರಲ್ಲೂ ಆರ್‌ಪಿಎಂಐ ಅನ್ನುವ ಗುಲಾಬಿ ಬಣ್ಣದ ದ್ರವ. ಎಲ್ಲಕ್ಕೂ ಒಂದೇ ಅಳತೆ ಯೀಸ್ಟ್ ಹಾಕಿ 35 ಡಿಗ್ರಿಯಲ್ಲಿ 24 ಗಂಟೆ ಇಡುತ್ತೇನೆ.

ಮರುದಿನ ತಟ್ಟೆಯನ್ನು ಕನ್ನಡಿ ಮೇಲೆ ಎತ್ತಿ ಹಿಡಿದು ತಳ ನೋಡುತ್ತೇನೆ. ಯೀಸ್ಟ್ ಬೆಳೆದ ಗುಳಿಯ ತಳದಲ್ಲಿ ಬಿಳಿ ಗುಂಡಿ ಕೂತಿರುತ್ತದೆ, ಅಂಗಿಗೆ ಹೊಲಿದ ಗುಂಡಿಯ ಥರ. ಔಷಧ ಇಲ್ಲದ ಗುಳಿಯಲ್ಲಿ ಅದು ದಪ್ಪ. ಫ್ಲುಕೊನಜೋಲಿಗೆ ಅದು ಪೂರಾ ಮಾಯ ಆಗಬೇಕಿಲ್ಲ, ಸುಮಾರು ಅರ್ಧ ಆದರೆ ಸಾಕು, ಅದೇ ಎಂಐಸಿ. ಆಂಫೋಟೆರಿಸಿನ್‌ಗೆ ಹಾಗಲ್ಲ, ಚೂರೂ ಇರಬಾರದು.

ಕಷ್ಟ ಇರುವುದು ಈ "ಅರ್ಧ"ದಲ್ಲಿ. ಕೆಲವು ಆಲ್ಬಿಕನ್ಸ್, ಟ್ರಾಪಿಕಾಲಿಸ್ ಯೀಸ್ಟ್‌ಗಳು ಎಷ್ಟು ಔಷಧ ಹಾಕಿದರೂ ಮಬ್ಬು ಮಬ್ಬಾಗಿ ಸ್ವಲ್ಪ ಬೆಳೆಯುತ್ತಲೇ ಇರುತ್ತವೆ. ಟ್ರೇಲಿಂಗ್ ಅಂತೀವಿ. ಹೊಸಬರು ಅದನ್ನು ನೋಡಿ ಆರ್ ಅಂತ ಬರೆದುಬಿಡುತ್ತಾರೆ. 48 ಗಂಟೆ ಬಿಟ್ಟು ಓದಿದರೆ ಇನ್ನೂ ಮೋಸ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೆ ಬರೆದಿದ್ದೆ. ಮೇಡಂ ತಟ್ಟೆ ತರಿಸಿ ಪಕ್ಕದಲ್ಲಿ ನಿಲ್ಲಿಸಿಕೊಂಡು ಮತ್ತೆ ಓದಿಸಿದರು, ರಿಪೋರ್ಟ್ ಹೊರಗೆ ಹೋಗುವ ಮುಂಚೆ.

ಅದಕ್ಕೇ ಪ್ರತಿ ಸಲ ರೋಗಿಯ ಯೀಸ್ಟ್ ಜೊತೆ ಗೊತ್ತಿರುವ ಎರಡು ಯೀಸ್ಟ್ ಇಡುತ್ತೇವೆ, ಪ್ಯಾರಾಪ್ಸಿಲೋಸಿಸ್ ಎಟಿಸಿಸಿ 22019, ಕ್ರುಸೈ ಎಟಿಸಿಸಿ 6258. ಅವುಗಳ ಸಂಖ್ಯೆ ಎಷ್ಟರೊಳಗೆ ಬರಬೇಕು ಅಂತ ಮೊದಲೇ ಗೊತ್ತು. ಅದು ತಪ್ಪಿದರೆ ಆ ದಿನದ ಎಲ್ಲಾ ರಿಪೋರ್ಟ್ ತಡೆಯುತ್ತೇವೆ.

ಇನ್ನೊಂದು. ಒಂದೇ ಯೀಸ್ಟನ್ನು ನಾಳೆ ಮತ್ತೆ ಮಾಡಿದರೆ 16 ಬರಬಹುದು, 64ವೂ ಬರಬಹುದು. ಒಂದು ಗುಳಿ ಆಚೀಚೆ ಆಗುವುದು ಈ ಪರೀಕ್ಷೆಯ ಸ್ವಭಾವ. ಅಕ್ಕನ ಕ್ಯಾಸ್ಪೊಫಂಗಿನ್ 0.12 ಕೂಡ ಹಾಗೇ, ಎಸ್‌ನ ಅಂಚಿನಲ್ಲೇ ಇದೆ. 0.25 ಬಂದಿದ್ದರೆ ಅಕ್ಷರ ಬದಲಾಗುತ್ತಿತ್ತು.

ಸುಮಾ ಎಸ್. ಭದ್ರಾವತಿ

ಚೆನ್ನೆಮಣೆ! ಈಗ ಕಣ್ಣಿಗೆ ಕಟ್ಟಿತು.

ಕೆಂಗೇರಿ ಮಗ

ಓದುತ್ತಾ ಅಪ್ಪನ ನೆನಪಾಯಿತು. ಹೇಳಿಬಿಡುತ್ತೇನೆ. ಅಪ್ಪ ಐಸಿಯುನಲ್ಲಿ 40 ದಿನ ಇದ್ದರು. ರಕ್ತದ ಕಲ್ಚರಿನಲ್ಲಿ ಯೀಸ್ಟ್ ಬಂತು. ಮೊದಲ ರಿಪೋರ್ಟಿನಲ್ಲಿ ಕ್ಯಾಂಡಿಡಾ ಹೀಮ್ಯುಲೋನಿ ಅಂತ ಇತ್ತು, ಆಂಫೋಟೆರಿಸಿನ್ ಕೂಡ ಕೆಲಸ ಮಾಡಲ್ಲ ಅಂತ ಇತ್ತು. ನಮಗೆ ಕೈಕಾಲೇ ಆಡಲಿಲ್ಲ. ಅಲ್ಲಿನ ಒಬ್ಬ ಡಾಕ್ಟರ್ ಒಪ್ಪದೆ ಸ್ಯಾಂಪಲ್ಲನ್ನು ಬೇರೆ ಕಡೆ ಮಾಲ್ಡಿ-ಟಾಫ್ ಅನ್ನುವ, ಯೀಸ್ಟಿನ ಹೆಸರು ಗುರುತಿಸುವ ಯಂತ್ರದ ಪರೀಕ್ಷೆಗೆ ಕಳಿಸಿದರು. ಅದು ಕ್ಯಾಂಡಿಡಾ ಔರಿಸ್ ಅಂತ ಬಂತು. ಆಂಫೋಟೆರಿಸಿನ್ ಮತ್ತೆ ಟೆಸ್ಟ್ ಮಾಡಿದಾಗ ಸಂಖ್ಯೆ ಕಡಿಮೆ ಬಂತು. ಅಷ್ಟರಲ್ಲಿ ಕ್ಯಾಸ್ಪೊಫಂಗಿನ್ ಶುರು ಮಾಡಿದ್ದರು. ಅಪ್ಪ ಮನೆಗೆ ಬಂದರು. ಆ ನಾಲ್ಕು ದಿನ ಹೇಗೆ ಕಳೆದೆವು ಅಂತ ನಮಗೇ ಗೊತ್ತು.

ಪೆಟ್ರಿ ತಟ್ಟೆ (ಹುಬ್ಬಳ್ಳಿ)

ಅಪ್ಪ ಮನೆಗೆ ಬಂದದ್ದು ಕೇಳಿ ನೆಮ್ಮದಿಯಾಯಿತು. ನಿಮಗಾದದ್ದು ಎಷ್ಟೋ ಕಡೆ ಆಗಿದೆ. ಔರಿಸ್ ಅನ್ನುವುದನ್ನು 2009ರಲ್ಲಿ ಜಪಾನಿನಲ್ಲಿ ಒಬ್ಬ ರೋಗಿಯ ಕಿವಿಯಿಂದ ತೆಗೆದು ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಔರಿಸ್ ಅಂದರೆ ಕಿವಿ. 2013ರಲ್ಲಿ ದೆಹಲಿಯ ಆಸ್ಪತ್ರೆಗಳಿಂದ ವರದಿ ಬಂತು. ಯಂತ್ರಗಳ ಹಳೇ ಪಟ್ಟಿಯಲ್ಲಿ ಇದರ ಹೆಸರೇ ಇರಲಿಲ್ಲ, ಹಾಗಾಗಿ ಹತ್ತಿರದ ನೆಂಟ ಹೀಮ್ಯುಲೋನಿ ಅಂತ ತೋರಿಸುತ್ತಿದ್ದವು. ಆಂಫೋಟೆರಿಸಿನ್ ಸಂಖ್ಯೆಯನ್ನೂ ಯಂತ್ರ ಇದ್ದುದಕ್ಕಿಂತ ಜಾಸ್ತಿ ತೋರಿಸುವುದು ಉಂಟು. ಅನುಮಾನ ಬಂದರೆ ಗುಳಿ ತಟ್ಟೆಯಲ್ಲಿ ಕೈಯಾರೆ ಮಾಡಿ ನೋಡಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾಡಿದ ಅಪಾಯಕಾರಿ ಫಂಗಸ್ ಪಟ್ಟಿಯ ಮೊದಲ ಗುಂಪಿನಲ್ಲಿ ಔರಿಸ್ ಇದೆ.

ಕೆಂಗೇರಿ ಮಗ

2021ರಲ್ಲಿ ಕಪ್ಪು ಫಂಗಸ್ ಸಮಯದಲ್ಲಿ ಇದೇ ಆಂಫೋಟೆರಿಸಿನ್‌ಗೆ ಜನ ಬೀದಿ ಬೀದಿ ಅಲೆದದ್ದು ನೆನಪಿದೆಯಾ? ನಮ್ಮ ಮೇಲ್ಮನೆಯವರು ಒಂದು ವಯಲ್‌ಗಾಗಿ ರಾತ್ರಿಯೆಲ್ಲಾ ಫೋನ್ ಮಾಡುತ್ತಿದ್ದರು.

ಹಳೇ ಮೈಸೂರು

ಫಂಗಸ್ ಔಷಧದ ಮಾತು ಬಂತು, ಒಂದು ಹೆಸರು ಹೇಳದೆ ಹೋಗಲಾರೆ. ಮಂಡಯಂ ಜೀಯರ್‌ಸನ್ನಿಧಿ ತಿರುಮಲಾಚಾರ್, ನಮ್ಮ ಮೈಸೂರಿನ ಕಡೆಯವರು. ಪುಣೆ ಪಕ್ಕದ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್‌ನಲ್ಲಿ ಸಂಶೋಧನೆ ನಡೆಸುತ್ತಿದ್ದಾಗ, ಅಲ್ಲಿನ ಮಣ್ಣಿನ ಸೂಕ್ಷ್ಮಜೀವಿಯಿಂದ ಹಮೈಸಿನ್ ಅನ್ನುವ ಫಂಗಸ್ ಔಷಧ ತೆಗೆದರು. ಆ ಜೀವಿಗೆ ಊರಿನ ಹೆಸರೇ ಇಟ್ಟಿದ್ದಾರೆ, ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ. ನಮ್ಮ ಮಕ್ಕಳ ಪಾಠದಲ್ಲಿ ಇವರ ಹೆಸರು ಬರಬೇಕು.

ಪೆಟ್ರಿ ತಟ್ಟೆ (ಹುಬ್ಬಳ್ಳಿ)

ಖಂಡಿತ. ಆಂಫೋಟೆರಿಸಿನ್, ನಿಸ್ಟಾಟಿನ್ ಇವೆಲ್ಲ ಅದೇ ಮನೆತನದ ಔಷಧಗಳು. ನಿಸ್ಟಾಟಿನ್ ಕೂಡ ಮಣ್ಣಿನದೇ, ನ್ಯೂಯಾರ್ಕ್ ರಾಜ್ಯದ ಪ್ರಯೋಗಾಲಯದ ಹೇಜನ್ ಮತ್ತು ಬ್ರೌನ್ ಅನ್ನುವ ಇಬ್ಬರು ಹೆಂಗಸರು ಕಂಡುಹಿಡಿದದ್ದು. ರಾಜ್ಯದ ಹೆಸರನ್ನೇ ಔಷಧಕ್ಕೆ ಇಟ್ಟರು.

ಬಯಲುಸೀಮೆ ಬಸು

ನನಗೆ ತೊಡೆ ಸಂದಿಯಲ್ಲಿ ಗಜಕರ್ಣ ಒಂದೂವರೆ ವರ್ಷದಿಂದ. ಟರ್ಬಿನಾಫಿನ್ ನುಂಗಿದರೂ ಹೋಗುತ್ತಿಲ್ಲ. ನಾನೂ ಇದೇ ಟೆಸ್ಟ್ ಕೇಳಬಹುದಾ?

ಗುಲ್ಬರ್ಗದ ಲ್ಯಾಬ್ ಹುಡುಗಿ

ಗಜಕರ್ಣ ಯೀಸ್ಟ್ ಅಲ್ಲ ಅಣ್ಣ, ಎಳೆ ಎಳೆಯಾಗಿ ಬೆಳೆಯುವ ಫಂಗಸ್. ಅದಕ್ಕೆ ಪರೀಕ್ಷೆಯ ವಿಧಾನ ಬೇರೆ, ದಿನವೂ ಜಾಸ್ತಿ ಬೇಕು, ಎಲ್ಲಾ ಲ್ಯಾಬಿನಲ್ಲಿ ಮಾಡಲ್ಲ. ಟರ್ಬಿನಾಫಿನ್‌ಗೆ ಬಗ್ಗದ ಗಜಕರ್ಣ ಈಗ ನಮ್ಮ ದೇಶದಲ್ಲಿ ತುಂಬಾ ಇದೆ. ಚರ್ಮದ ಡಾಕ್ಟರಿಗೇ ತೋರಿಸಿ. ಸ್ಟೀರಾಯ್ಡ್ ಕಲಸಿದ ಕ್ರೀಂ ಹಚ್ಚುತ್ತಿದ್ದೀರಾ? ಟ್ಯೂಬಿನ ಮೇಲೆ ಕ್ಲೊಬೆಟಾಸೋಲ್ ಅಂತ ಇದೆಯಾ ನೋಡಿ.

ಬಯಲುಸೀಮೆ ಬಸು

ಇದೆ.

ಔಷಧಿ ಅಂಗಡಿ, ಶಿವಮೊಗ್ಗ

ಅದನ್ನು ಇವತ್ತೇ ಡಾಕ್ಟರಿಗೆ ತೋರಿಸಿ ಬಸು. ಮೇಲೆ ಕೆಂಪು ಕಮ್ಮಿ ಆಗುತ್ತದೆ, ಒಳಗೆ ಫಂಗಸ್ ಹರಡುತ್ತದೆ.

ತುಂಗಾ ತೀರ

ಎಸ್ ಬಂದರೂ ವಾಸಿಯಾಗದವರು ಇದ್ದಾರೆ, ಆರ್ ಬಂದರೂ ವಾಸಿಯಾದವರು ಇದ್ದಾರೆ. ಹಾಗಿದ್ದ ಮೇಲೆ ದುಡ್ಡು ಕೊಟ್ಟು ಈ ಟೆಸ್ಟ್ ಯಾಕೆ ಮಾಡಿಸಬೇಕು? ಜಗಳಕ್ಕಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಲೀಡ್ಸ್ ಕನ್ನಡಿಗ

ನ್ಯಾಯವಾದ ಪ್ರಶ್ನೆ. ನಮ್ಮ ಕ್ಷೇತ್ರದಲ್ಲಿ 90-60 ಅಂತ ಒಂದು ಲೆಕ್ಕ ಹೇಳುತ್ತಾರೆ. ಔಷಧಕ್ಕೆ ಬಗ್ಗುವ ಸೋಂಕು ಸುಮಾರು ಶೇ 90 ಜನರಲ್ಲಿ ವಾಸಿ. ಬಗ್ಗದ ಸೋಂಕು ಕೂಡ ಸುಮಾರು ಶೇ 60 ಜನರಲ್ಲಿ ವಾಸಿ, ಯಾಕೆಂದರೆ ಮೈಯ ಶಕ್ತಿಯೂ ಹೋರಾಡುತ್ತದೆ. ಹಾಗಾಗಿ ಮೊದಲ ಸಲ ಬಂದವರಿಗೆಲ್ಲ ಟೆಸ್ಟ್ ಬೇಡ. ಮತ್ತೆ ಮತ್ತೆ ಬಂದರೆ, ಮಾತ್ರೆಗೆ ಬಗ್ಗದಿದ್ದರೆ, ಅಥವಾ ರಕ್ತದಲ್ಲಿ ಯೀಸ್ಟ್ ಸಿಕ್ಕರೆ ಬೇಕೇ ಬೇಕು. ಐಸಿಯುನಲ್ಲಿ ಆ 90ಕ್ಕೂ 60ಕ್ಕೂ ನಡುವೆ ಇರುವುದು ಜೀವ.

ತುಂಗಾ ತೀರ

ಅರ್ಥ ಆಯಿತು. ಮೂರನೇ ಸಲಕ್ಕೇ ಅಕ್ಕನಿಗೆ ಕಲ್ಚರ್ ಮಾಡಿಸಿದ್ದರೆ ಇಷ್ಟು ಒದ್ದಾಟ ಇರುತ್ತಿರಲಿಲ್ಲ ಅಂತಾಯಿತು.

ಪೆಟ್ರಿ ತಟ್ಟೆ (ಹುಬ್ಬಳ್ಳಿ)

ಅದೇ. ಎಂಐಸಿ ಬೇಡ, ಹೆಸರು ಗೊತ್ತಾಗಿದ್ದರೂ ಸಾಕಿತ್ತು. ಸ್ವಾಬ್‌ನಲ್ಲಿ ಬೆಳೆದ ಯೀಸ್ಟನ್ನು ಸೀರಂನಲ್ಲಿ ಹಾಕಿ 37 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಟ್ಟರೆ ಆಲ್ಬಿಕನ್ಸ್‌ಗೆ ಮೊಳಕೆ ಬರುತ್ತದೆ, ನೆನೆಸಿದ ಹೆಸರುಕಾಳಿನ ಮೊಳಕೆಯ ಹಾಗೆ. ಗ್ಲಾಬ್ರಾಟಾಗೆ ಬರಲ್ಲ. ಸಣ್ಣ ಊರಿನ ಲ್ಯಾಬಿನಲ್ಲೂ ಆಗುವ ಕೆಲಸ ಇದು. ಅದನ್ನೂ ಮಾಡದೆ ಬರೀ "ಯೀಸ್ಟ್ ಬೆಳೆದಿದೆ" ಅಂತ ರಿಪೋರ್ಟ್ ಕೊಡುವುದು ನೋಡಿದಾಗ ನನಗೆ ಸಂಕಟ ಆಗುತ್ತದೆ.

ಸುಮಾ ಎಸ್. ಭದ್ರಾವತಿ

ಅಕ್ಕ, ನನಗೂ ಗ್ಲಾಬ್ರಾಟಾ ಬಂದಿತ್ತು. ಡಾಕ್ಟರ್ ಬೋರಿಕ್ ಆಸಿಡ್ 600 ಮಿಲಿಗ್ರಾಂ ಕ್ಯಾಪ್ಸೂಲ್ ಕೊಟ್ಟರು. ರಾತ್ರಿ ಒಳಗೆ ಇಡುವುದು, ಮೂರು ವಾರ. ನನಗೆ ಹೋಯಿತು. ನಿಮ್ಮ ಡಾಕ್ಟರನ್ನು ಕೇಳಿ.

ಔಷಧಿ ಅಂಗಡಿ, ಶಿವಮೊಗ್ಗ

ಇಲ್ಲಿ ಒಂದು ಎಚ್ಚರಿಕೆ. ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪುಡಿ ತಂದು ಮನೆಯಲ್ಲಿ ಯಾರೂ ಪ್ರಯೋಗ ಮಾಡಬೇಡಿ. ಕ್ಯಾಪ್ಸೂಲನ್ನು ಬಾಯಿಗೆ ಹಾಕಲೇಬಾರದು, ವಿಷ. ಗರ್ಭಿಣಿಯರಿಗೆ ಬೇಡ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಡಾಕ್ಟರ್ ಬರೆದುಕೊಟ್ಟರೆ ಮಾತ್ರ.

ಗುಲ್ಬರ್ಗದ ಲ್ಯಾಬ್ ಹುಡುಗಿ

ಅಕ್ಕ, ಮಂಗಳವಾರ ಹೋದಾಗ ಲ್ಯಾಬಿನವರನ್ನೂ ಒಂದು ಮಾತು ಕೇಳಿ. ನಿಮ್ಮ ಯೀಸ್ಟ್ ಇಟ್ಟುಕೊಂಡಿದ್ದಾರಾ ಅಂತ. ಎಷ್ಟೋ ಕಡೆ ರಿಪೋರ್ಟ್ ಕೊಟ್ಟ ವಾರಕ್ಕೆ ಎಸೆಯುತ್ತಾರೆ. ಮತ್ತೆ ಬಂದರೆ ಹಳೆಯದರ ಪಕ್ಕದಲ್ಲಿ ಹೊಸದನ್ನು ಒಂದೇ ತಟ್ಟೆಯಲ್ಲಿಟ್ಟು ನೋಡಬಹುದು. ಸಂಖ್ಯೆ ನಿಜವಾಗಿ ಏರಿದೆಯಾ, ಇಲ್ಲ ಒಂದು ಗುಳಿ ಆಚೀಚೆ ಅಷ್ಟೇನಾ ಅಂತ ಗೊತ್ತಾಗುತ್ತದೆ. ಮತ್ತೆ ಸ್ವಾಬ್ ಕೊಡಬೇಕಾದರೆ, ಮಾತ್ರೆ, ಕ್ರೀಂ ಶುರು ಮಾಡುವ ಮೊದಲೇ ಕೊಡಿ.

ಮಲ್ಲಿಗೆ ಮೊಗ್ಗು (ದಾವಣಗೆರೆ)

ಹೋಗಿ ಬಂದೆ. ಡಾಕ್ಟರಿಗೆ "ಇದು ರಕ್ತದ ಸೋಂಕಿನ ಗಡಿ ಅಲ್ವಾ, ನನಗೆ ಇದು ಹೊಂದುತ್ತದಾ" ಅಂತ ಕೇಳಿದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಆಮೇಲೆ ಕಾಲು ಗಂಟೆ ಕೂರಿಸಿಕೊಂಡು ಮಾತಾಡಿದರು. ಫ್ಲುಕೊನಜೋಲ್ ಬೇಡ ಅಂದರು. ಬೋರಿಕ್ ಕ್ಯಾಪ್ಸೂಲ್ ಮೂರು ವಾರ, ಮುಗಿದ ಮೇಲೆ ಮತ್ತೆ ಕಲ್ಚರ್. ನಿನ್ನೆ ರಾತ್ರಿಯಿಂದ ಶುರು ಮಾಡಿದ್ದೇನೆ.

ಲ್ಯಾಬಿಗೂ ಹೋದೆ. ಯೀಸ್ಟ್ ಎಸೆದಿರಲಿಲ್ಲ. ಕೇಳಿದ್ದಕ್ಕೆ ಅಲ್ಲಿನ ಹುಡುಗಿ ಒಳಗಿಂದ ತಂದು ತೋರಿಸಿದಳು. ಬೆರಳಿನಷ್ಟು ಚಿಕ್ಕ ಬಾಟಲಿ, ಒಳಗೆ ಸುಮ್ನೆ ನೀರು, ಸ್ವಲ್ಪ ಮಬ್ಬು. ಮೇಲೆ ನನ್ನ ನಂಬರು, ತಾರೀಕು. ಬರೀ ನೀರಲ್ಲೇ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದಂತೆ.

ಗುಲ್ಬರ್ಗದ ಲ್ಯಾಬ್ ಹುಡುಗಿ

ತಿಂಗಳಲ್ಲ ಅಕ್ಕ, ವರ್ಷಗಟ್ಟಲೆ. ಮುಚ್ಚಳ ಬಿಗಿಯಾಗಿದ್ದರೆ ಸಾಕು. ಮೂರು ವಾರ ಆದ ಮೇಲೆ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.